ಹಿಡಿಕೆಗೆ ಕಟ್ಟಿದ ದಸ್ತಿ

ಎಲೆಕ್ಟ್ರಿಕ್ ಕಾರುಗಳ ಹೊಸ ಚಾರ್ಜರುಗಳಿಗೆ ಇಂಟರ್ನೆಟ್ ಕೇಬಲ್ಲನ್ನು ದೇವಾನಂದ ಸಿಕ್ಕಿಸಿದ ಮರುಗಳಿಗೆಯೇ ಬೆಂಗಳೂರಿನ ಆಫೀಸಿನಿಂದ ಫೋನು ಬಂತು. “ನಾಲ್ಕೂ ಚಾರ್ಜರ್ ಕಾಣ್ತಿವೆ ಸರ್, ಪವರ್ ಆನ್ ಕೊಟ್ಟೆ,” ಎಂದಳು ಅಲ್ಲಿನ ಹುಡುಗಿ. ನಾಲ್ಕನೆಯ ಚಾರ್ಜರಿನೊಳಗೆ ಮಾವ ಅಂಬಾರಾಯನ ಎರಡೂ ಕೈಗಳಿದ್ದವು.

ವಾಡಿಯಲ್ಲಿ ಮೂವತ್ತು ವರ್ಷ ವೈರಿಂಗ್ ಮಾಡಿದ ಅಂಬಾರಾಯ, ಕೆಲಸಕ್ಕೆ ಕೂರುವ ಮೊದಲು ಮೇನ್ ಸ್ವಿಚ್ಚು ಇಳಿಸಿ ಹಿಡಿಕೆಗೆ ಬೆವರು ಒರೆಸುವ ತನ್ನ ಕೆಂಪು ದಸ್ತಿ ಕಟ್ಟುತ್ತಿದ್ದ. ಅದನ್ನು ಕಂಡವರು ಸ್ವಿಚ್ಚಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಈ ಹೊಸ ಸ್ವಿಚ್ಚಿಗೆ ಮೋಟಾರಿದೆ, ಅದರ ಹಿಡಿಕೆಯನ್ನು ದೂರದ ಆಫೀಸಿನಿಂದಲೂ ಎಬ್ಬಿಸಬಹುದು ಎಂದು ತಿಳಿದಿದ್ದ ದೇವಾನಂದ ಬೆಳಿಗ್ಗೆ ಕೇಳಿಯೂ ಇದ್ದ: “ಆಫೀಸಿಗಿ ಫೋನ್ ಹಚ್ಚಿ ಹೇಳ್ಲೇನ್ರಿ ಮಾವ?”

“ದಸ್ತಿ ಕಟ್ಟೀನಲ್ಲೊ. ಯಾರ್ ಮುಟ್ತಾರ?”

ಅಳಿಯ ಫೋನನ್ನು ಮತ್ತೆ ಕಿಸೆಗೆ ಹಾಕಿದ್ದ.

ಈಗ ಸ್ವಿಚ್ಚಿನ ಮೋಟಾರು ಗುಂಯ್‌ಗುಟ್ಟತೊಡಗಿತು. “ಮಾವ, ಕೈ ತೆಗೀರಿ!” ಎಂದು ದೇವಾನಂದ ಚೀರಿದ. ಅಂಬಾರಾಯ ಕೈ ತೆಗೆಯಲಿಲ್ಲ. ಕತ್ತು ಹೊರಳಿಸಿ ಮೊದಲು ಸ್ವಿಚ್ಚಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

“ದಸ್ತಿ ಅಲ್ಲೇ ಅದ ನೋಡೊ,” ಎಂದು ನಕ್ಕ.

ಯಾರೂ ಮುಟ್ಟದೆಯೇ ಹಿಡಿಕೆ ಮೇಲೆದ್ದಿತು, ಅದರ ಜೊತೆಗೇ ಕೆಂಪು ದಸ್ತಿಯೂ.