ಖಾಲಿ ಜಾಗ

"ಈ ಕಾಗದದಾಗ ನನ್ನ ಮನಿ ಎಲ್ಲೈತ್ರಿ?" ಎರ್ರೆಮ್ಮ ನಕ್ಷೆಯ ಮೇಲೆ ಬಾಗಿ ಕೇಳಿದಾಗ, ಸರ್ವೆಗೆ ಬಂದಿದ್ದ ಸುಮಲತಾ ಅದರ ಮೇಲೆ ಬೆರಳಾಡಿಸಿ ಹುಡುಕಿದಳು. ಇನ್ನು ಹತ್ತು ವರ್ಷಕ್ಕೆ, ಅಂದರೆ 2021ರ ಹೊತ್ತಿಗೆ, ಹಗರಿಬೊಮ್ಮನಹಳ್ಳಿಗೆ ಎಷ್ಟು ನೀರು ಬೇಕಾದೀತೆಂದು ಲೆಕ್ಕ ಹಾಕಲು ಕಂಪ್ಯೂಟರಿನಲ್ಲಿ ಮಾಡಿದ ನಕ್ಷೆ ಅದು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ಕೆಂಪು. ರೈಲು ಹಳಿಯಾಚೆಯ ಈ ತಗಡಿನ ಮನೆ ಇರುವಲ್ಲಿ ಮಾತ್ರ ಬಿಳಿ ಬಣ್ಣವಿತ್ತು. ಬಿಳಿ ಎಂದರೆ ಖಾಲಿ ಜಾಗ. ಖಾಲಿ ಜಾಗಕ್ಕೆ ನಳ ಬರುವುದಿಲ್ಲ.

"ತಪ್ಪಾಗೈತಿ, ಸರಿ ಮಾಡ್ತೀನಿ," ಎಂದು ಸುಮಲತಾ ಅಲ್ಲೊಂದು ಪುಟ್ಟ ಚೌಕ ಬರೆದು ಹಳದಿ ಪೆನ್ಸಿಲಿನಿಂದ ಬಣ್ಣ ತುಂಬಿದಳು. ಎರ್ರೆಮ್ಮ ಅದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು.

"ಮನ್ಯಾಗ ಎಷ್ಟು ಮಂದಿ ಅದೀರಿ?"

"ನಾನೊಬ್ಬಾಕಿನ." ಸುಮಲತಾ ಬರೆಯಲು ಹೊರಟಾಗ ಎರ್ರೆಮ್ಮ, "ಇಬ್ರು ಅಂತ ಬರಕೊಳ್ರಿ," ಅಂದಳು. "ಬಂದೋರಿಗೆ ಕುಡಿಯಾಕ ನೀರು ಬೇಕಲ್ಲ."

"ಯಾರು ಬರ್ತಾರವ್ವ?"

ಎರ್ರೆಮ್ಮ ಹಳಿಯ ಕಡೆ ನೋಡಿದಳು. ಮತ್ತೆ ಸುಮಲತಾಳ ಕಡೆ ತಿರುಗಿ, "ಇವತ್ತು ನೀವು ಬಂದೀರಲ್ರಿ," ಅಂದಳು.

ಸುಮಲತಾ 'ಇಬ್ಬರು' ಎಂದು ಬರೆದಳು. ಮುಂದಿನ ಓಣಿಗೆ ಹೊರಟಿದ್ದವಳು ಅಲ್ಲೇ ಹೊಸ್ತಿಲ ಮೇಲೆ ಕೂತು, "ಹಂಗಾದ್ರ ಒಂದು ಚರಿಗಿ ನೀರು ಕೊಡ್ರಿ," ಅಂದಳು.