ಆರು ಜೋಡಿ ಚಪ್ಪಲಿ

ದಾವಣಗೆರೆಯ ಹತ್ತಿ ಮಿಲ್ಲುಗಳಲ್ಲಿ ಧೂಳು ಕುಡಿದು ಎದೆ ಕೆಡಿಸಿಕೊಂಡವರೆಲ್ಲ ಕಿವಿಗೆ ಬಿಳಿ ಓಲೆ ಹಾಕುತ್ತಿದ್ದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಓಲೆ ನೇರಳೆಗೆ ತಿರುಗುತ್ತಿತ್ತು; ಕಂಡವರು ಬಸ್ಸಿನಲ್ಲಿ ಎದ್ದು ಜಾಗ ಬಿಡುತ್ತಿದ್ದರು. ಚನ್ನಬಸಮ್ಮನಿಗೆ ಮಾತ್ರ ತನ್ನ ಓಲೆ ಒಂದು ದಿನವೂ ಬಣ್ಣ ತಿರುಗಿಲ್ಲವೆಂಬ ಹೆಮ್ಮೆ. ಹನ್ನೊಂದು ವರ್ಷ ಗಂಡ ಕೊಟ್ರೇಶಪ್ಪನ ಜೊತೆ ದಿನಾ ರೈಲ್ವೆ ಸೇತುವೆ ಹತ್ತಿ ಮಾರ್ಕೆಟ್ಟಿಗೆ ಹೋಗಿದ್ದಳು. ತಾಪತ್ರಯವೆಲ್ಲ ಅವನ ಚಪ್ಪಲಿಯ ಹೆಬ್ಬೆರಳು ತೂರಿಸುವ ಉಂಗುಷ್ಟದ್ದು. ಅರ್ಧ ಮೆಟ್ಟಿಲು ಹತ್ತಿದ್ದೇ, "ತಡಿಯೇ, ಉಂಗುಷ್ಟ ಸಡ್ಲಾಗೈತೆ" ಎಂದು ಕೂತುಬಿಡುತ್ತಿದ್ದ. ಬೈದು ಬೈದು ಅವಳೇ ಹೊಸ ಜೋಡಿ ಕೊಡಿಸುತ್ತಿದ್ದಳು. ವಾರ ಕಳೆಯುವುದರೊಳಗೆ ಅದರದ್ದೂ ಅದೇ ಕಥೆ.

ಅವನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಒಬ್ಬಳೇ ಬಂದಿದ್ದಳು. ಅರ್ಧ ಹತ್ತುವಷ್ಟರಲ್ಲಿ, ಮೆಟ್ಟಿಲ ಬದಿಯಲ್ಲಿ ಹೂ ಕಟ್ಟುತ್ತಿದ್ದ ಮೆಹಬೂಬಿ ಕೂಗಿದಳು.

"ಅಮ್ಮಾ, ಕುತ್ಕಳ್ರಿ. ಓಲೆ ನೇರಳೆ ಆಗೈತೆ."

"ನಂದಾ? ನಂದು ಯಾವತ್ತೂ ಆಗಿಲ್ಲ ಕಣೇ."

"ದಿನಾ ಇಲ್ಲೇ ಆಗ್ತಿತ್ತಲ್ಲಮ್ಮ. ಯಜಮಾನ್ರು ನೋಡಿದ ಕೂಡ್ಲೇ ಚಪ್ಲಿ ಬಿಚ್ಕಂಡು ಕುತ್ಕಳೋರು. ಹೇಳಬ್ಯಾಡ ಅಂತ ನಂಗೂ ಸನ್ನೆ ಮಾಡೋರು."

ಚನ್ನಬಸಮ್ಮ ಅಲ್ಲೇ ಕೂತಳು. ಮನೆಯ ಬಾಗಿಲ ಹಿಂದಿದ್ದ ಅವನ ಆರು ಜೋಡಿ ಚಪ್ಪಲಿ ಕಣ್ಮುಂದೆ ಬಂದವು. ಒಂದರ ಉಂಗುಷ್ಟವೂ ಅಲುಗಾಡುತ್ತಿರಲಿಲ್ಲ.

ತುಸು ಹೊತ್ತಿನ ಮೇಲೆ ಮೆಹಬೂಬಿ ಅವಳ ಕಿವಿ ನೋಡಿ, "ಬೆಳ್ಳಗಾಯ್ತು, ಏಳ್ರಿ" ಅಂದಳು.

ಚನ್ನಬಸಮ್ಮ ಬಗ್ಗಿ, ತನ್ನ ಗಟ್ಟಿಮುಟ್ಟಾದ ಚಪ್ಪಲಿಯನ್ನು ಕೈಗೆತ್ತಿಕೊಂಡಳು.

"ತಡಿಯೇ," ಅಂದಳು, "ಉಂಗುಷ್ಟ ಸಡ್ಲಾಗೈತೆ."