ಎರಡನೇ ಮಾತ್ರೆ

"ತಿಂಗಳಿನ ಮಾತ್ರೆ ಹದಿನೈದೇ ದಿನಕ್ಕೆ ಖಾಲಿ! ಏನಜ್ಜಾ, ಪೆಪ್ಪರ್‌ಮೆಂಟ್ ಅಂದ್ಕೊಂಡ್ರಾ? ತೊಂಬತ್ತಾದ್ರೂ ಬುದ್ಧಿ ಬರಲಿಲ್ವಲ್ಲ!" ನರ್ಸು ಖಾಲಿ ಸ್ಟ್ರಿಪ್ಪನ್ನು ಎತ್ತಿ ತೋರಿಸಿದಳು. ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕೆಮ್ಮಿ ಕೆಮ್ಮಿ ಸುಸ್ತಾದವನಿಗೂ ನಗುವಷ್ಟು ಉಸಿರಿತ್ತು.

ಅಜ್ಜ, ಹಳೇ ದರ್ಜಿ, ತನ್ನ ತೋಳಿಗೆ ಸುತ್ತಿದ್ದ ಬಿಪಿ ನೋಡುವ ಪಟ್ಟಿಯನ್ನೇ ನೋಡುತ್ತಾ ಕೂತ. ಊರಿನವರ ತೋಳೆಲ್ಲ ಅಳೆದವನು. ಈ ತಿಂಗಳಲ್ಲಿ ಅವನ ತೋಳು ಹಿಡಿದದ್ದು ಈ ಪಟ್ಟಿಯೊಂದೇ. "ನಿಮ್ಮ ವಯಸ್ಸಿಗೆ ಬಿಪಿ ಸ್ವಲ್ಪ ಜಾಸ್ತಿ ಇದ್ರೂ ನಡೆಯುತ್ತೆ ಯಜಮಾನ್ರೇ," ಅಂದರು ಡಾಕ್ಟರು. "ಹೀಗೆ ಇಳಿದ್ರೆ ಒಂದಿನ ನಿಂತಲ್ಲೇ ಬಿದ್ದು ಹೋಗ್ತೀರಿ. ಎರಡೆರಡು ಯಾಕೆ ನುಂಗಿದ್ರಿ?"

ಗಂಡ ಹೆಂಡತಿ ಇಬ್ಬರಿಗೂ ಒಂದೇ ಥರದ ಬಿಪಿ ಮಾತ್ರೆ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಅವನೇ ಎರಡು ಒತ್ತಿ ತೆಗೆಯುತ್ತಿದ್ದ. ಒಂದು ಅವಳ ಅಂಗೈಗೆ, ಒಂದು ತನ್ನ ಬಾಯಿಗೆ. ಹೋದ ತಿಂಗಳು ಅವಳು ಹೋದಳು. ಅವನ ಹೆಬ್ಬೆರಳಿಗೆ ಮಾತ್ರ ಅದಿನ್ನೂ ಗೊತ್ತಾಗಿಲ್ಲ, ಎರಡೇ ಒತ್ತುತ್ತದೆ. ಒತ್ತಿದ ಮಾತ್ರೆಯನ್ನು ವಾಪಸ್ ಹಾಕಲು ಬರುವುದಿಲ್ಲ. ಅವಳ ಪಾಲನ್ನು ಕಸಕ್ಕೆ ಎಸೆಯಲು ಕೈ ಬರುವುದಿಲ್ಲ. ಅದಕ್ಕೇ ನುಂಗಿಬಿಡುತ್ತಾನೆ.

"ಹೋಗ್ಲಿ, ಎಣಿಸಿ ಕೊಡೋಕೆ ಮನೇಲಿ ಅಜ್ಜಿ ಇಲ್ವಾ?" ಈ ಸಲ ನರ್ಸು ಮೆತ್ತಗೆ ಕೇಳಿದಳು. ನಗು ನಿಂತಿತ್ತು, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಪಟ್ಟಿಯನ್ನು ತಾನೇ ಬಿಚ್ಚಿ, ಹೊಲಿದ ಬಟ್ಟೆ ಮಡಿಸುವ ಹಾಗೆ ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟ. ಆಮೇಲೆ ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದ.